ಸೀಮೆಸುಣ್ಣದ ಗುರುತು

ಬಡಗಾಳಿಯೇ ಬೀಸುತ್ತಿತ್ತು. ಮಿಯ್ಯಾನ್ ಕಿಟಕಿಯ ಒಂದು ಬಾಗಿಲನ್ನಷ್ಟೇ ತೆರೆದು, ತೋರುಬೆರಳನ್ನು ಎಂಜಲು ಮಾಡಿಕೊಂಡು ಹೊರಗೆ ಚಾಚಿದ. ಬೆಟ್ಟದ ಕಡೆಗಿದ್ದ ಮಗ್ಗುಲು ತಣ್ಣಗಾಯಿತು. ಮೂರು ದಿನದಿಂದ ಏಳುತ್ತಲೇ ಅವನು ಮಾಡುತ್ತಿದ್ದ ಕೆಲಸ ಇದು. ಗಾಳಿ ತೆಂಕಣದಿಂದ ಬಂದಿದ್ದರೆ ಇವತ್ತಿನ ಮಟ್ಟಿಗೆ ಬದುಕಿಕೊಳ್ಳುತ್ತಿದ್ದ. ತೆಂಕಣ ಗಾಳಿಯಲ್ಲಿ ಪೀಪಾಯಿಯ ತಳದ ಗಸಿ ತಾನೇ ತಾನಾಗಿ ಎದ್ದು ವೈನಿಗೆ ಕಲೆಯುತ್ತದೆ; ಅಂಥ ದಿನ ಆ ಊರಿನಲ್ಲಿ ಯಾರೂ ವೈನನ್ನು ಒಂದು ಪೀಪಾಯಿಯಿಂದ ಇನ್ನೊಂದಕ್ಕೆ ಇಳಿಸುವುದಿಲ್ಲ. ಮೊನ್ನೆ ಅವನೇ ಮಗಳಿಗೆ ಗಾಳಿ ಸರಿಯಿಲ್ಲ ಅಂದಿದ್ದ. ನಿನ್ನೆಯೂ ಅಂದಿದ್ದ. ನಿನ್ನೆ ಅಂದದ್ದು ಸುಳ್ಳು. ಇವತ್ತು ಸುಳ್ಳು ಹೇಳುವ ಹಾಗಿರಲಿಲ್ಲ, ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು, ಬೆಟ್ಟದ ಹಲ್ಲುಗಳು ಒಂದೊಂದೂ ಬೇರೆಬೇರೆಯಾಗಿ ಕಾಣುತ್ತಿದ್ದವು, ಚರ್ಚಿನ ಗೋಪುರದ ಮೇಲೆ ಕೊಕ್ಕರೆಗಳು ಮೂತಿಯನ್ನು ಗಾಳಿಗೆ ಕೊಟ್ಟು ನಿಂತಿದ್ದವು. ಕಣ್ಣಿದ್ದ ಯಾರಿಗಾದರೂ ತಿಳಿಯುತ್ತಿತ್ತು.

"ಗಾಳಿ ಎಲ್ಲಿಂದ?" ಎಂದಳು ಹೆಂಡತಿ ಫೆಲೀಸಾ, ಅಡುಗೆಮನೆಯಿಂದ. ಆಲೂಗಡ್ಡೆಯನ್ನು ಕತ್ತರಿಸದೆ, ಚಾಕು ಕಚ್ಚಿಸಿ ಲಟಕ್ಕನೆ ಮುರಿಯುವ ಸದ್ದು ಕೇಳುತ್ತಿತ್ತು. ಹಾಗೆ ಮುರಿದರೇ ಸಾರು ಮಂದವಾಗುವುದು.

"ಬೆಟ್ಟದಿಂದ."

"ಒಳ್ಳೇದಾಯ್ತಲ್ಲ ಮತ್ತೆ. ಆ ನೆಗಡಿ ಹತ್ತು ಗಂಟೆಗೆ ಬರ್ತಾನಂತೆ, ವಾಲ್ವಾ ಹೇಳಿದ್ಲು."

"ಅವನಿಗೊಂದು ಹೆಸರಿದೆ."

"ಮೂವತ್ತು ವರ್ಷದಿಂದ ಇಲ್ಲದ ಹೆಸರು ಇವತ್ತೆಲ್ಲಿಂದ ಬಂತು ಮಾರಾಯ. ನೀನೇ ಅಲ್ವಾ ದಿನಾ ಹಾಗೆ ಕರೀತಿದ್ದೋನು, ಇಸ್ಪೀಟಿನ ಮೇಜಲ್ಲಿ ಕೂತು." ಇನ್ನೊಂದು ಆಲೂಗಡ್ಡೆ ಲಟಕ್ಕೆಂದಿತು. "ಶರ್ಟಿನ ಗುಂಡಿ ಮೇಲೆ ಕೆಳಗೆ ಹಾಕ್ಕೊಂಡಿದೀಯ. ಏನಾಗಿದೆ ನಿಂಗೆ ಈ ವಾರ?"

ಏನೂ ಇಲ್ಲ ಎಂದ. ಗುಂಡಿಗಳನ್ನು ಬಿಚ್ಚಿ ಮತ್ತೆ ಹಾಕಿಕೊಂಡ. ಸೆಲೆದೋನಿಯೊನನ್ನು ಇಸ್ಪೀಟಿನ ಮೇಜಿನಲ್ಲಿ ತಾನು ನೆಗಡಿ ಎಂದು ಕರೆದದ್ದು ನಿಜ. ಮೊದಲು ಕರೆದವನು ತಾನಲ್ಲ ಅನ್ನುವುದೂ ನಿಜ. ಮೊದಲು ಯಾರು ಕರೆದರೋ, ಬಾರಿನ ಬಾಗಿಲಲ್ಲಿ ಸೆಲೆದೋನಿಯೊ ಕಾಣಿಸಿಕೊಂಡಾಗ, ಕತ್ತರಿ ಸೊಂಟಕ್ಕೆ ಸಿಕ್ಕಿಸಿಕೊಂಡು, ದ್ರಾಕ್ಷಿತೋಟದ ಮಣ್ಣು ಮೆತ್ತಿದ ಬೂಟಿನಲ್ಲಿ, "ನೆಗಡಿ ಬಂತು, ಮೂಗು ಮುಚ್ಕೊಳ್ರಪ್ಪಾ" ಅಂದಿದ್ದರು. ಎಲ್ಲರೂ ನಕ್ಕರು. ನಗದೆ ಇದ್ದರೆ ಎಲ್ಲರೂ ತನ್ನ ಕಡೆ ನೋಡುತ್ತಾರೆ ಅಂತ ಮಿಯ್ಯಾನನೂ ನಕ್ಕ. ಸೆಲೆದೋನಿಯೊ ಕೂಡ ನಕ್ಕಿದ್ದ, ಅದೇ ಕಷ್ಟ. ಮೂಗನ್ನು ಎರಡು ಬೆರಳಲ್ಲಿ ಹಿಡಿದು, "ಇದು ಈಗ ಕನ್ನಡಕ ಇಡೋಕೆ ಮಾತ್ರ" ಅಂದಿದ್ದ.

ಬಾಟಲಿ ಮೇಜಿನ ಮೇಲಿತ್ತು. ರಾತ್ರಿಯೇ ಮಗಳು ವಾಲ್ವಾ ಅದನ್ನು ಕೆಳಗಿನ ಗೂಡಿನಿಂದ ತೆಗೆದು ನಿಲ್ಲಿಸಿ ಹೋಗಿದ್ದಳು, ಗಸಿ ತಳಕ್ಕೆ ಕೂರಲಿ ಅಂತ. ಸುತ್ತ ಹಿತ್ತಾಳೆಯ ತಂತಿಬಲೆ, ಬಲೆಯ ಕೆಳಗೆ ಇಲಿ ಕಚ್ಚಿದ ಹಾಗೆ ಅಂಚು ಹೋದ ಚೀಟಿ. ಹನ್ನೆರಡು ಇದ್ದವು. ಮಗಳು ಹುಟ್ಟಿದ ದಿನ ಪೀಪಾಯಿ ಬದಲಾಯಿಸಿದ ವೈನು, ಆಮೇಲೆ ಸೀಸೆಗೆ ತುಂಬಿದಾಗ ವೈನಿನ ನೆಲಮಾಳಿಗೆಯ ಹಳೆಯ ಯಜಮಾನರು, ದೋನ್ ಇಲಾರಿಯೊ, ಹನ್ನೆರಡನ್ನು ಪೆಟ್ಟಿಗೆಯಲ್ಲಿಟ್ಟು ಕಳಿಸಿದ್ದರು. ಅವಳು ಶಾಲೆಗೆ ಸೇರಿದ ದಿನ ಒಂದು, ಪಟ್ಟಣದ ಕಾಲೇಜಿನಲ್ಲಿ ವೈನಿನ ಓದು ಮುಗಿಸಿದಾಗ ಒಂದು, ಹೀಗೆ ಹನ್ನೊಂದು ತೀರಿದವು. ಒಂದೊಂದು ತೆರೆದಾಗಲೂ ಮಿಯ್ಯಾನ್ ಮೊದಲ ಗುಟುಕನ್ನು ಬಾಯಲ್ಲಿಟ್ಟುಕೊಂಡು ಎಲ್ಲರ ಮುಖ ನೋಡುತ್ತಿದ್ದ. ಎಲ್ಲರೂ ಕಣ್ಣು ಮುಚ್ಚಿ ಆಹಾ ಅನ್ನುತ್ತಿದ್ದರು. ಅವನಿಗೆ ಮಾತ್ರ ಹನ್ನೊಂದು ಸಲವೂ ಆ ವೈನಿನ ರುಚಿ ಹತ್ತಿರಲಿಲ್ಲ. ಉಳಿದ ಒಂದನ್ನು ಮೊಮ್ಮಗುವಿಗೆ ಅಂತ ಫೆಲೀಸಾ ಎತ್ತಿಟ್ಟಿದ್ದಳು. ವಾಲ್ವಾ ಒಪ್ಪಿರಲಿಲ್ಲ. "ಅವತ್ತು ದೀಪ ಹಿಡಿದು ಆ ವೈನನ್ನ ಇಳಿಸಿದವನು ಸೆಲೆ ಮಾವ ತಾನೆ? ಅವನೇ ಕುಡೀಲಿಲ್ಲ ಅಂದ್ರೆ ಯಾರು ಕುಡೀಬೇಕು?" ಅಂದಿದ್ದಳು.

ಬಾಟಲಿಯನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡು, ಇನ್ನೊಂದು ಕೈಯಲ್ಲಿ ಫೆಲೀಸಾ ಕೊಟ್ಟ ಸಾರಿನ ಪಾತ್ರೆಯನ್ನು ಬಟ್ಟೆಯಲ್ಲಿ ಗಂಟುಹಾಕಿ ಹಿಡಿದು, ಮಿಯ್ಯಾನ್ ಸೇತುವೆಯ ಮೇಲೆ ನಡೆದ. ಎಬ್ರೋ ಹೊಳೆ ಬೆಟ್ಟದ ಹಿಮ ಕರಗಿ ಕೆಂಪಗೆ ತುಂಬಿ ಹರಿಯುತ್ತಿತ್ತು. ಸೇತುವೆಯ ನಡುವಿನ ಕಮಾನಿಗೆ ಬಂದಾಗ ಬಲಗೈ ತನ್ನಷ್ಟಕ್ಕೆ ಕೋಟಿನ ಜೇಬಿಗೆ ಹೋಗಬೇಕು, ಅದು ವಾಡಿಕೆ. ಇವತ್ತು ಕೈಯಲ್ಲಿ ಪಾತ್ರೆ ಇತ್ತು, ಹೋಗಲಿಲ್ಲ, ಆದರೂ ಬೆರಳುಗಳಿಗೆ ಅದು ತಾಗಿದ ಹಾಗಾಯಿತು. ಕಡ್ಡಿಯಷ್ಟು ಉದ್ದದ, ಹಳದಿ ಗಂಧಕ ಮೆತ್ತಿದ ಬಟ್ಟೆಯ ಬತ್ತಿ. ಮಗಳು ಹುಟ್ಟಿದ ದಿನ ಬೆಳಗ್ಗೆ ನೆಲಮಾಳಿಗೆಯಲ್ಲಿ ಹನ್ನೆರಡು ಬತ್ತಿ ಎಣಿಸಿ ತೆಗೆದುಕೊಂಡಿದ್ದ, ಹನ್ನೆರಡು ಖಾಲಿ ಪೀಪಾಯಿಗೆ. ಒಂದೊಂದು ಪೀಪಾಯಿಯ ಒಳಗೂ ಬತ್ತಿ ಉರಿಸಿ ತೂಗುಬಿಡಬೇಕು, ಹುಳಿ ಹಿಡಿಯದ ಹಾಗೆ ಹೊಗೆ ಹೊಟ್ಟೆ ತುಂಬ ಆಡಬೇಕು, ಆಮೇಲೆ ಮುಖದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆಯಬೇಕು. ಗೀಟು ಇದ್ದರೆ ಒಳಗೆ ಸ್ವಚ್ಛ, ತುಂಬಬಹುದು. ಸುಣ್ಣ ಆಮೇಲೆ, ಬತ್ತಿ ಮೊದಲು. ಮಿಯ್ಯಾನನಿಗೆ ಆಗ ಮೂವತ್ತೆರಡು ವಯಸ್ಸು, ಸೊಂಟ ಬಗ್ಗಿಸುವುದಕ್ಕೆ ಬೇಸರ, ಸುಣ್ಣ ಹೇಗೂ ಕೈಯಲ್ಲಿದೆಯಲ್ಲ ಅಂತ ಹನ್ನೆರಡಕ್ಕೂ ಮೊದಲೇ ಗೀಟು ಎಳೆದು, ಆಮೇಲೆ ಸಾಲಾಗಿ ಬತ್ತಿ ಉರಿಸುತ್ತಾ ಹೋಗುತ್ತಿದ್ದ. ಯಾರಿಗೂ ಗೊತ್ತಿರಲಿಲ್ಲ. ಏನೂ ಆಗುತ್ತಿರಲಿಲ್ಲ. ಹನ್ನೊಂದು ಪೀಪಾಯಿ ಆದಾಗ ಮೇಲಿನ ಬಾಗಿಲಲ್ಲಿ ಪಕ್ಕದ ಮನೆಯವಳು ನಿಂತು, "ಮಿಯ್ಯಾನ್, ನಿನ್ನ ಹೆಂಡ್ತಿಗೆ ನೋವು ಶುರುವಾಯ್ತು, ಬೇಗ ಬಾ" ಎಂದು ಕೂಗಿದಳು. ಅವನು ಎರಡೆರಡು ಮೆಟ್ಟಿಲು ಹತ್ತಿದ. ಕೆಳಗಿನಿಂದ ಸೆಲೆದೋನಿಯೊನ ದನಿ ಬಂತು, "ಮಿಯ್ಯಾನ್, ಈ ನಲವತ್ತೊಂದನೇ ಪೀಪಾಯಿಗೆ ಬತ್ತಿ ಹಾಕಿದೀಯಾ? ಯಾಕೋ ಹೊಗೆ ವಾಸನೆ ಇಲ್ಲ, ಹುಳಿ ಹುಳಿ ಬರ್ತಿದೆ." ತಿರುಗದೆಯೇ ಹೇಳಿದ್ದ, "ಗುರುತು ಕಾಣಿಸಲ್ವಾ ನಿಂಗೆ?" ಸೇತುವೆಯ ಮೇಲೆ, ಇದೇ ಕಮಾನಿನಲ್ಲಿ, ಓಡುತ್ತ ಓಡುತ್ತ ಕೈ ಜೇಬಿಗೆ ಹೋಗಿ ಹನ್ನೆರಡನೆಯ ಬತ್ತಿ ಬೆರಳಿಗೆ ಸಿಕ್ಕಿತು.

ತಿರುಗಿ ಹೋಗಬಹುದಿತ್ತು. ಎಷ್ಟು ಹೆಜ್ಜೆ? ಆಮೇಲೆ ಒಂದು ದಿನ ಎಣಿಸಿದ್ದ, ಇನ್ನೂರ ಎಪ್ಪತ್ತು. ಫೆಲೀಸಾ ನೋವು ತಿನ್ನುತ್ತಿದ್ದಾಳೆ ಅಂತ ಮುಂದೆ ಓಡಿದ್ದ, ಬತ್ತಿಯನ್ನು ನೀರಿಗೆ ಎಸೆದು. ಎಸೆದದ್ದು ಯಾಕೆ ಅಂತ ಮಾತ್ರ ತಿಳಿಯಲಿಲ್ಲ. ಹೆರಿಗೆಯ ಗಡಿಬಿಡಿಯಲ್ಲಿ ಬತ್ತಿ ಎಸೆಯುವ ಕೆಲಸ ಏನಿತ್ತು? ಸಂಜೆ ಎಲ್ಲರೂ ಬಂದರು, ಸೆಲೆದೋನಿಯೊ ಕೂಡ ಮಗುವನ್ನು ನೋಡಿ, ಗಲ್ಲ ಮುಟ್ಟಿ, "ಎಲ್ಲ ಇಳಿಸಿ ಮುಗಿಸಿದೆ ಕಣೋ, ಹನಿ ಗಸಿ ಬಂದಿಲ್ಲ" ಎಂದ. ಆಗ ಹೇಳಬಹುದಿತ್ತು. ಕೈಗೆ ಯಾರೋ ಲೋಟ ಕೊಟ್ಟರು. ವೈನು ಗಟ್ಟಿಯಾಗಿದೆ, ಒಂದು ಬತ್ತಿಯಿಂದ ಏನಾಗುತ್ತದೆ ಅಂದುಕೊಂಡ. ಬೇಸಿಗೆಯ ಹೊತ್ತಿಗೆ ನಲವತ್ತೊಂದನೆಯ ಪೀಪಾಯಿ ಹುಳಿಯಾಯಿತು. ದೋನ್ ಇಲಾರಿಯೊ ಇಬ್ಬರನ್ನೂ ಅದರ ಮುಂದೆ ನಿಲ್ಲಿಸಿದರು. ಗೀಟು ಇತ್ತು, ಬೆಳ್ಳಗೆ, ನೇರವಾಗಿ. "ಬತ್ತಿ ಹಾಕಿದೆ, ಸರಿ. ಹುಳಿ ಹಿಡಿದ ಪೀಪಾಯಿಗೆ ಮೂಗು ಇಟ್ಟೂ ತುಂಬಿದವನು ಯಾರು?" ಎಂದರು. ಸೆಲೆದೋನಿಯೊ ಮಿಯ್ಯಾನನ ಕಡೆ ನೋಡಲಿಲ್ಲ. ನೆಲ ನೋಡಿದ. "ನಾನು, ದೋನ್ ಇಲಾರಿಯೊ," ಎಂದ. "ಮೂಗು ಹೋದವನಿಗೆ ಕೆಳಗೆ ಏನು ಕೆಲಸ" ಎಂದು ಅವನನ್ನು ಮೇಲೆ ತೋಟಕ್ಕೆ ಹಾಕಿದರು, ಬಳ್ಳಿ ಸವರುವುದಕ್ಕೆ. ಮೂವತ್ತೊಂದು ಚಳಿಗಾಲ.

ಹೊಳೆ ದಾಟಿ ಏರು ಹತ್ತತೊಡಗಿದ. ಸೆಲೆದೋನಿಯೊನಿಗೆ ಗೊತ್ತಿದೆಯೇ? ಮೂವತ್ತೊಂದು ವರ್ಷ ತೋಟದಲ್ಲಿ ಒಬ್ಬನೇ ಬಗ್ಗಿಕೊಂಡು ಬಳ್ಳಿ ಸವರುವವನಿಗೆ ಯೋಚನೆಗೆ ಹೊತ್ತು ಬೇಕಾದಷ್ಟಿರುತ್ತದೆ. ಲೆಕ್ಕ ಕೂಡಿಸಿರಬಹುದು. ಇಷ್ಟು ದಿನ ಬಾಯಿ ಬಿಡದವನು ಇವತ್ತು, ಅದೇ ನೆಲಮಾಳಿಗೆಗೆ, ಅದೂ ವಾಲ್ವಾ ಕರೆದಳು ಅಂತ, ತಲೆಗೆ ನೀರು ಹಚ್ಚಿ ಬಾಚಿಕೊಂಡು ಬರುತ್ತಾನೆ ಅಂದರೆ ಅದರಲ್ಲಿ ಏನೋ ಇರಬೇಕು. ವಾಲ್ವಾ ಹೋದ ವರ್ಷದಿಂದ ಆ ನೆಲಮಾಳಿಗೆಗೆ ದೊಡ್ಡವಳು. ಅಪ್ಪ ಅವಳ ಕೈಕೆಳಗಿನ ಮೇಸ್ತ್ರಿ, ಬರುವ ಶರತ್ಕಾಲಕ್ಕೆ ನಿವೃತ್ತಿ. ಪಂಪನ್ನು ಬದಿಗಿಟ್ಟು ಹಳೆಯ ಹಾಗೆ ದೀಪದ ಬೆಳಕಲ್ಲಿ ಗಸಿ ನೋಡಿಕೊಂಡು ವೈನು ಇಳಿಸಬೇಕು ಅನ್ನುವುದು ಅವಳ ಹಟ. ಅದನ್ನು ಕಲಿಸುವ ಕೈ ಊರಿನಲ್ಲಿ ಒಂದೇ ಉಳಿದಿದೆ. ಅಪ್ಪನಿಗೆ ಬರುವುದಿಲ್ಲವೇ ಅಂತ ಯಾರೋ ಕೇಳಿದಾಗ ಅವಳು, "ಅಪ್ಪ ಕೆಲಸಗಾರ. ಸೆಲೆ ಮಾವನ ಕಣ್ಣು ಬೇರೆ" ಅಂದಿದ್ದಳು. ಮುಖದ ಮೇಲೆಯೇ. ಅದು ನಿಜವಾದ್ದರಿಂದ ಅವಮಾನ ಆಗಬಾರದಿತ್ತು.

ನೆಲಮಾಳಿಗೆಯ ಬಾಗಿಲ ಮುಂದೆ ವಾಲ್ವಾ ಒಣ ದ್ರಾಕ್ಷಿ ಕಡ್ಡಿಗೆ ಬೆಂಕಿ ಕೊಟ್ಟಿದ್ದಳು. ಕಡ್ಡಿ ಉರಿದು ಕೆಂಡವಾದ ಮೇಲೆ ಕುರಿಮರಿಯ ಪಕ್ಕೆಲುಬಿನ ಚೂರುಗಳನ್ನು ಜಾಲರಿಯ ಮೇಲೆ ಹರಡುವುದು. ಸೆಲೆದೋನಿಯೊ ಆಗಲೇ ಬಂದಿದ್ದ. ಮದುವೆಗೆ ಹೊಲಿಸಿದ ಕಪ್ಪು ಕೋಟು, ಈಗ ಅದರೊಳಗೆ ಇನ್ನೊಬ್ಬನಿಗೆ ಜಾಗವಿತ್ತು. ಕುಕ್ಕರಗಾಲಲ್ಲಿ ಕೂತು ಕೆಂಡವನ್ನು ಕಡ್ಡಿಯಿಂದ ಸರಿಮಾಡುತ್ತಿದ್ದ.

"ಬಾರಪ್ಪ ಮೇಸ್ತ್ರಿ," ಎಂದ ತಲೆಯೆತ್ತದೆ. "ನಿನ್ನ ಮಗಳು ಮಾಂಸಾನ ಹೊಗೆ ಮೇಲೆ ಇಡೋಕೆ ಹೊರಟಿದ್ಲು. ಕಾಲೇಜಲ್ಲಿ ಇದೊಂದು ಕಲಿಸಲ್ಲ ಅಂತ ಕಾಣುತ್ತೆ."

"ಮಾವ, ಬಾಯಿ ಮುಚ್ಚಿ ತಿರುವಿ ಹಾಕು, ಸೀದುಹೋಗುತ್ತೆ."

"ನೋಡಿದ್ಯಾ. ಅವಳಜ್ಜಿ ದನಿಯೇ."

ಮಿಯ್ಯಾನ್ ನಗಬೇಕಿತ್ತು, ತುಟಿ ಹಿಗ್ಗಿತು. ಕೂತ. ಸೆಲೆದೋನಿಯೊನ ಕೈಗಳನ್ನು ನೋಡಿದ; ಬಳ್ಳಿಯ ತೊಗಟೆಯ ಹಾಗೆ ಸೀಳಿದ್ದವು, ಹೆಬ್ಬೆರಳ ಬುಡದಲ್ಲಿ ಕತ್ತರಿ ಕೂತ ಗಂಟು. ನೆಲಮಾಳಿಗೆಯವರ ಕೈ ಹೀಗಿರುವುದಿಲ್ಲ. ತನ್ನ ಕೈ ಹೀಗಿಲ್ಲ. ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡ.

ಮಾಂಸವನ್ನು ಮೂಳೆ ಹಿಡಿದು ತಿಂದರು, ಸಾರಿಗೆ ಬ್ರೆಡ್ಡು ಅದ್ದಿ ತಿಂದರು. ಆಮೇಲೆ ವಾಲ್ವಾ ಕೆಳಗೆ ಹೋಗೋಣ ಎಂದಳು, ಈ ಬಾಟಲಿಯನ್ನು ಬಿಸಿಲಲ್ಲಿ ತೆಗೆಯಬಾರದು ಎಂದಳು. ಮೂವತ್ತೆಂಟು ಮೆಟ್ಟಿಲು. ಸೆಲೆದೋನಿಯೊ ಮೊದಲ ಮೆಟ್ಟಿಲಲ್ಲಿ ನಿಂತು ಗೋಡೆಯ ಬೂಸಿನ ಮೇಲೆ ಅಂಗೈ ಇಟ್ಟ, ಹಳೆಯ ನಾಯಿಯ ತಲೆಯ ಮೇಲೆ ಇಡುವ ಹಾಗೆ. ಅವನ ಬೆನ್ನ ಹಿಂದೆ ಇಳಿಯುತ್ತಿದ್ದ ಮಿಯ್ಯಾನನಿಗೆ, ಈಗ ತಿರುಗುತ್ತಾನೆ, ಈಗ ಕೇಳುತ್ತಾನೆ, ಅನ್ನಿಸುತ್ತಲೇ ಇತ್ತು. ಮೂವತ್ತೆಂಟೂ ಮೆಟ್ಟಿಲು ಮುಗಿದವು. ತಿರುಗಲಿಲ್ಲ.

ನಿಲ್ಲಿಸಿದ ಒಂದು ಪೀಪಾಯಿಯೇ ಮೇಜು. ಅದರಾಚೆ ಇವತ್ತು ತುಂಬಬೇಕಾದ ನಾಲ್ಕು ಖಾಲಿ ಪೀಪಾಯಿಗಳು ಸಾಲಾಗಿದ್ದವು, ನಾಲ್ಕರ ಮುಖದ ಮೇಲೂ ಗೀಟು. ನಿನ್ನೆ ಸಂಜೆ ಮಿಯ್ಯಾನನೇ ಬತ್ತಿ ಉರಿಸಿದ್ದ. ಬತ್ತಿ ಮೊದಲು, ಸುಣ್ಣ ಆಮೇಲೆ; ಆ ಬೇಸಿಗೆಯಿಂದ ಈಚೆಗೆ ಒಂದು ಸಲವೂ ತಪ್ಪಿಲ್ಲ. ಆದರೂ ಈಗ ಆ ಬಿಳಿ ಗೀಟುಗಳನ್ನು ನೋಡಿದಾಗ, ನಾಲ್ಕನೆಯದಕ್ಕೆ ಹಾಕಿದೆನೇ ಅಂತ ಅನುಮಾನ ಬಂತು.

"ಅಪ್ಪ, ನೀನು ತೆಗಿ."

ಬಿರಡೆಯನ್ನು ಅವನು ತೆಗೆಯದ ಬಾಟಲಿ ಆ ನೆಲಮಾಳಿಗೆಯಲ್ಲಿ ಇರಲಿಲ್ಲ. ಸುರುಳಿಯನ್ನು ತಿರುವಿದ, ಎಳೆದ. ಬಿರಡೆ ಅರ್ಧಕ್ಕೆ ಮುರಿಯಿತು. ಉಳಿದ ಅರ್ಧ ಒಳಗೆ ಕೂತು ಅವನನ್ನು ನೋಡುತ್ತಿತ್ತು. ವಾಲ್ವಾ, "ಕೊಡಪ್ಪ ಇಲ್ಲಿ" ಎಂದಳು, ಮೆತ್ತಗೆ, ರೋಗಿಯೊಡನೆ ಮಾತಾಡುವವಳ ಹಾಗೆ. ಕೊಟ್ಟ. ಅವಳು ಉಳಿದದ್ದನ್ನು ಓರೆಯಾಗಿ ಚುಚ್ಚಿ ಮೆಲ್ಲಗೆ ಎತ್ತಿದಳು. ಮೇಣದ ಬತ್ತಿ ಹಚ್ಚಿ, ಬಾಟಲಿಯ ಕತ್ತನ್ನು ಅದರ ಮುಂದೆ ಹಿಡಿದು ಮೂರು ಲೋಟಕ್ಕೆ ಸುರಿದಳು. ಕೆಂಪು ಅನ್ನುವ ಬಣ್ಣ ಮುಗಿದು, ಅಂಚಿನಲ್ಲಿ ಇಟ್ಟಿಗೆಯ, ಒಣಗಿದ ಕಿತ್ತಳೆಸಿಪ್ಪೆಯ ಬಣ್ಣ ಬಂದಿತ್ತು.

ಸೆಲೆದೋನಿಯೊ ಲೋಟವನ್ನು ಎತ್ತಲಿಲ್ಲ. ಮೊದಲು ಬಗ್ಗಿ, ಲೋಟ ಇದ್ದಲ್ಲೇ ಇರಲಿ, ಅದರ ಮೇಲೆ ಮೂಗನ್ನು ತಂದ. ಬಹಳ ಹೊತ್ತು ಹಾಗೇ ಇದ್ದ. ಅಮೆರಿಕದಿಂದ ಬಂದ ಓಕ್ ಹಲಗೆಯೊಳಗೆ ವರ್ಷಗಟ್ಟಲೆ ಮಲಗಿ, ಆಮೇಲೆ ಗಾಜಿನೊಳಗೆ ಕಾದು, ಆ ವೈನು ಮೂವತ್ತು ವರ್ಷದ ಉಸಿರನ್ನು ಈಗ ಬಿಡುತ್ತಿತ್ತು. ಮಿಯ್ಯಾನ್ ಅವನ ಮೂಗಿನ ಹೊಳ್ಳೆಗಳನ್ನೇ ನೋಡಿದ. ಅವು ಅರಳಿ ನಿಂತು, ಮತ್ತೆ ಅರಳಿದವು. ಈಗ ಹೇಳುತ್ತಾನೆ. ಇದರೊಳಗೇ ಇದೆಯೇನೋ ಅದು, ಹನ್ನೊಂದು ಒಳ್ಳೆಯ ಪೀಪಾಯಿಯ ನಡುವೆ ಆ ಒಂದರ ಹುಳಿ, ಸುಟ್ಟಿರದ ಒಂದು ಬತ್ತಿಯ ವಾಸನೆ, ಅದನ್ನು ಇವನು ಎಳೆದು ತೆಗೆಯುತ್ತಾನೆ, ಮೂಗಿನಿಂದ, ಮುಳ್ಳು ತೆಗೆದ ಹಾಗೆ. ಹಾಗಾಗುವುದು ಸಾಧ್ಯವಿಲ್ಲ ಅಂತ ಗೊತ್ತಿದ್ದೂ ಅವನ ಬಾಯನ್ನೇ ನೋಡುತ್ತ ನಿಂತ.

"ಚೆರ್ರಿ," ಎಂದ ಸೆಲೆದೋನಿಯೊ. "ಒಣಗಿದ್ದು. ಅಲ್ವಾ?"

"ಹೌದು ಮಾವ."

ಮತ್ತೆ ಮೂಗು ಕೊಟ್ಟು, "ಕೊಬ್ಬರಿ ಇದೆಯಾ? ಇಲ್ಲ ನಂಗೆ ಹಾಗನ್ನಿಸ್ತಿದೆಯಾ?"

"ಇದೆ, ಇದೆ. ಅದು ಮರದ್ದು."

"ಹೊಗೆಸೊಪ್ಪಿನ ಡಬ್ಬಿ, ಮುಚ್ಚಳ ತೆಗೆದಿಟ್ಟದ್ದು." ವಾಲ್ವಾಳ ಮುಖ ನೋಡಿದ. ಅವಳು ತಲೆ ಆಡಿಸಿದಳು. ತಲೆ ಆಡಿಸಿದ ಮೇಲೆಯೇ ಅವನ ಮುಖದಲ್ಲಿ ಒಂದು ಗೆರೆ ಸಡಿಲವಾಯಿತು. "ಇನ್ನೊಂದಿದೆ. ತುದಿಗೆ. ಹೇಳಿದ್ರೆ ನಗ್ತೀರಿ."

"ಹೇಳು ಮಾವ."

"ಸಬ್ಬಸಿಗೆ ಥರ. ಹಸೀ ಸೊಪ್ಪು." ಈಗ ಮಿಯ್ಯಾನನ ಕಡೆ ತಿರುಗಿದ. "ನಿಂಗೂ ಬರ್ತಿದೆಯಾ? ಇಲ್ಲ ತಾನೆ. ಬಿಡು, ನನ್ನ ಮೂಗಿನ ಕಥೆ ಗೊತ್ತಲ್ಲ."

ಸಬ್ಬಸಿಗೆ ಇತ್ತು, ಮಿಯ್ಯಾನನ ಮೂಗಿಗೂ ಬಂದಿತ್ತು. ಹಳೆಯ ಓಕಿನಲ್ಲಿ ಅದು ಬರುತ್ತದೆ. ಹೌದು ಅನ್ನಲು ಅವನ ಬಾಯಿ ತೆರೆಯಿತು. ಅಷ್ಟರಲ್ಲಿ ಸೆಲೆದೋನಿಯೊ ನಗುತ್ತ ವಾಲ್ವಾಳಿಗೆ ಹೇಳತೊಡಗಿದ್ದ.

"ನಿಂಗೆ ಗೊತ್ತಿಲ್ಲ ಕೂಸೇ, ನನ್ನ ಮೂಗು ಕೈಕೊಟ್ಟ ದಿನವೂ ನೀನು ಹುಟ್ಟಿದ ದಿನವೂ ಒಂದೇ. ಪೀಪಾಯಿಗೆ ಮೂಗಿಟ್ಟೆ, ಹೊಗೆಯ ವಾಸನೆ ಇಲ್ಲ, ಹುಳಿ. ನಿಮ್ಮಪ್ಪನ್ನ ಕೇಳ್ದೆ. ಗುರುತು ಕಾಣಿಸಲ್ವಾ ಅಂದ. ನೋಡ್ದೆ, ಗುರುತಿತ್ತು. ನಿಮ್ಮಪ್ಪ ಗುರುತು ಹಾಕಿದ ಮೇಲೆ ಮುಗೀತು, ಅವನಷ್ಟು ಕಟ್ಟುನಿಟ್ಟು ಯಾರಿದ್ರು? ಅಂದ್ರೆ ಬತ್ತಿ ಉರಿದಿದೆ, ವಾಸನೆ ನನಗೆ ಬರ್ತಿಲ್ಲ, ಇಲ್ಲದ ಹುಳಿ ಬರ್ತಿದೆ. ಮೂಗು ಸುಳ್ಳು ಹೇಳೋಕೆ ಶುರುಮಾಡ್ತು ಅಂದುಕೊಂಡು ತುಂಬಿದೆ. ಆಮೇಲೆ ಅದು ನಿಜವಾಗ್ಲೂ ಹುಳಿಯಾದಾಗ ಇನ್ನೂ ತಲೆ ಕೆಡ್ತು. ಪೀಪಾಯೀಲಿ ಹುಳಿ ಇದ್ದೂ ತುಂಬಿದೆನಾ, ಇಲ್ಲದ್ದಕ್ಕೆ ತುಂಬಿ ನಾನೇ ಕೆಡಿಸಿದೆನಾ? ಇವತ್ತಿಗೂ ಬಗೆಹರಿದಿಲ್ಲ." ಲೋಟವನ್ನು ಎತ್ತಿ ದೀಪಕ್ಕೆ ಹಿಡಿದ. "ಅವತ್ತಿಂದ ಏನು ಮೂಸಿದ್ರೂ ಪಕ್ಕದವನನ್ನ ಕೇಳ್ಬೇಕು. ಹೆಂಡ್ತಿ ಇದ್ದಾಗ ಅವಳನ್ನ ಕೇಳ್ತಿದ್ದೆ. ಸಾರು ಸೀದಿದೆಯಾ, ಮಳೆ ವಾಸನೆ ಬಂತಾ, ಇದು ಒಳ್ಳೆ ವೈನಾ ಅಂತ. ಅವಳು ಹೌದಂದ್ರೆ ಹೌದು. ಕುಡೀತೀನಿ ದಿನಾ. ಬಾಯಿಗೆ ಸಂತೋಷವಾಗುತ್ತೆ, ಆದ್ರೆ ಆ ಸಂತೋಷ ನಿಜವಾ ಅಂತ ಅನುಮಾನ."

ಮಿಯ್ಯಾನ್ ಇಷ್ಟು ವರ್ಷ ಹೆದರಿದ್ದು, ಇವನಿಗೆ ಗೊತ್ತಿರಬಹುದು ಅಂತ. ಗೊತ್ತಿಲ್ಲ ಅನ್ನುವುದು ಅದಕ್ಕಿಂತ ದೊಡ್ಡ ಹೆದರಿಕೆಯಾಗಿ ಈಗ ಪೀಪಾಯಿಗಳ ನಡುವಿನಿಂದ ಎದ್ದು ಬಂತು. ಕೆಲಸವನ್ನು ಕಿತ್ತುಕೊಂಡೆ, ಹೆಸರನ್ನು ಕಿತ್ತುಕೊಂಡೆ ಅಂತ ರಾತ್ರಿ ರಾತ್ರಿ ಲೆಕ್ಕ ಹಾಕಿದ್ದ. ಇದು ಅವನ ಲೆಕ್ಕದಲ್ಲಿ ಇರಲೇ ಇಲ್ಲ. ಸೀದ ಸಾರು. ಮಳೆ. ತೋಟಕ್ಕೆ ಮಳೆ ಬರುವುದನ್ನು ಬೆಟ್ಟ ದಾಟುವ ಮೊದಲೇ ಮೂಸಿ ಹೇಳುತ್ತಿದ್ದ ಮನುಷ್ಯ. ಸುಮ್ಮನಿದ್ದರೆ ಇವನು ಹೀಗೇ ಸಾಯುತ್ತಾನೆ, ನಗುತ್ತ, ಎಲ್ಲರನ್ನೂ ಕೇಳುತ್ತ, ಮತ್ತು ಯಾರಿಗೂ ಎಂದೂ ತಿಳಿಯುವುದಿಲ್ಲ. ಅದೇ ಯೋಚನೆ, ಯಾರಿಗೂ ತಿಳಿಯುವುದಿಲ್ಲ ಅನ್ನುವುದು, ಬೆಚ್ಚಗೆ ಹೊದ್ದುಕೊಳ್ಳುವಂತೆಯೂ ಇತ್ತು. ಅದನ್ನು ಹೊದ್ದುಕೊಳ್ಳಲು ತನ್ನ ಮೈ ಎಷ್ಟು ಬೇಗ ಮುಂದಾಯಿತು ಅಂತ ನೋಡಿ ಅವನಿಗೆ ತನ್ನ ಮೇಲೆಯೇ ದಿಗಿಲಾಯಿತು. ವಾಲ್ವಾಳ ಕಡೆ ನೋಡಿದ. ಅವಳು ಅಪ್ಪನನ್ನು ನೋಡುತ್ತಿರಲಿಲ್ಲ. ಸೆಲೆ ಮಾವನ ಕಥೆಗೆ ಮರುಕದಿಂದ ಮುಗುಳ್ನಗುತ್ತ, ದೀಪದ ಕುಡಿಯನ್ನು ಕತ್ತರಿಸುತ್ತಿದ್ದಳು.

"ಇಳಿಸೋಣ್ವಾ ಮಾವ? ಗಾಳಿ ತಿರುಗೋದ್ರೊಳಗೆ."

"ನಡಿ."

ಸೆಲೆದೋನಿಯೊ ಲೋಟವನ್ನು ಅಲ್ಲೇ ಇಟ್ಟ, ಇನ್ನೂ ಒಂದು ಗುಟುಕೂ ಕುಡಿದಿರಲಿಲ್ಲ. ಕೋಟು ಬಿಚ್ಚಿ ಮಡಿಸಿಟ್ಟ. ಖಾಲಿ ಪೀಪಾಯಿಗಳ ಮುಂದೆ ಬಗ್ಗಿ ಮೊದಲನೆಯದರ ಬಾಯಿಗೆ ಮೂಗು ಇಟ್ಟ. ಕಲಿತ ಮೈ ಮರೆತಿರಲಿಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ಇಟ್ಟ. ನಾಲ್ಕನೆಯದರಲ್ಲಿ ತಡೆದ. ಮತ್ತೆ ಬಗ್ಗಿದ.

"ಹೊಗೆ ಇದೆ ಅನ್ಸುತ್ತೆ," ಎಂದ ಸೆಲೆದೋನಿಯೊ. "ಉಳಿದವಕ್ಕಿಂತ ಕಡಿಮೆ. ಇದೆಯಾ? ಮಿಯ್ಯಾನ್, ಹಾಕಿದೀಯಾ ಇದಕ್ಕೆ?"

"ಗುರುತು ಇದೆಯಲ್ಲ ಮಾವ, ಕಾಣಿಸಲ್ವಾ?" ಎಂದಳು ವಾಲ್ವಾ.

ಹಗುರವಾಗಿ ಹೇಳಿದಳು, ನಗುತ್ತ, ಬೇರೆ ಕೆಲಸದ ಮೇಲೆ ಗಮನವಿಟ್ಟು. ಮಿಯ್ಯಾನನದೇ ರಾಗ. ಮೆಟ್ಟಿಲಿನ ಮೇಲಿನಿಂದ ಬಿದ್ದ ಆ ಮಾತು ಮೂವತ್ತೊಂದು ವರ್ಷ ಈ ಗೋಡೆಯ ಬೂಸಿನಲ್ಲಿ ಕೂತಿದ್ದು ಈಗ ಅವಳ ಬಾಯಿಂದ ಬಂದ ಹಾಗಾಯಿತು. ಸೆಲೆದೋನಿಯೊ ಗೀಟು ನೋಡಿದ. ಬೆನ್ನು ನೆಟ್ಟಗೆ ಮಾಡಿದ. ಅವನ ಮುಖ ಶಾಂತವಾಯಿತು, ಕೇಳಿ ತಿಳಿದುಕೊಂಡವನ ಶಾಂತಿ, ತನ್ನದಲ್ಲದ್ದು. "ಇದೆ ಇದೆ. ಸರಿ ಬಿಡು," ಎಂದು ಕೊಳವೆಯ ಕಡೆ ಕೈ ಚಾಚಿದ.

"ಗುರುತು ನೋಡಬೇಡ ಸೆಲೆ," ಎಂದ ಮಿಯ್ಯಾನ್.

ಇಬ್ಬರೂ ತಿರುಗಿದರು.

"ನಿನ್ನೆ ಬತ್ತಿ ಸಣ್ಣದಿತ್ತು, ನಾಲ್ಕನೇದಕ್ಕೆ. ಹೊಗೆ ಕಡಿಮೆಯೇ. ನೀನು ಹೇಳಿದ್ದು ಸರಿ." ಲೋಟಗಳ ಕಡೆ ಬೆರಳು ಮಾಡಿದ. "ಸಬ್ಬಸಿಗೆಯೂ ಇದೆ. ನಂಗೂ ಬಂತು. ಅವತ್ತು ಹುಳಿಯೂ ಇತ್ತು."

"ಯಾವತ್ತು?"

"ವಾಲ್ವಾ ಹುಟ್ಟಿದ ದಿನ. ನಾನು ಗುರುತು ಮೊದಲೇ ಎಳೀತಿದ್ದೆ, ಬತ್ತಿ ಆಮೇಲೆ ಹಾಕ್ತಿದ್ದೆ. ಬಗ್ಗೋಕೆ ಸೋಮಾರಿತನ. ನಲವತ್ತೊಂದಕ್ಕೆ ಹಾಕಿರಲಿಲ್ಲ. ಬತ್ತಿ ನನ್ನ ಜೇಬಲ್ಲಿತ್ತು."

ಮೇಣದ ಬತ್ತಿಯ ಕುಡಿ ಚಿಟಕ್ಕೆಂದಿತು. ವಾಲ್ವಾಳ ಕೈಯಲ್ಲಿ ಕೊಳವೆ ಹಾಗೇ ಇತ್ತು.

"ಯಾವಾಗ ಗೊತ್ತಾಯ್ತು ನಿಂಗೆ?" ಸೆಲೆದೋನಿಯೊನ ದನಿ ಏರಲಿಲ್ಲ. ದಾರಿ ಕೇಳುವವನ ಹಾಗೆ ಕೇಳಿದ.

"ಸೇತುವೆ ಮೇಲೆ."

"ಯಾವಾಗ ಅಂದೆ."

"ಅವತ್ತೇ. ಹೋಗ್ತಾ."

"ಅವತ್ತೇ," ಎಂದ ಸೆಲೆದೋನಿಯೊ. "ಸಂಜೆ ನಾನು ಕೂಸನ್ನ ನೋಡೋಕೆ ಬಂದಾಗ?"

"ಗೊತ್ತಿತ್ತು."

"ದೋನ್ ಇಲಾರಿಯೊ ನಿಲ್ಲಿಸಿಕೊಂಡಾಗ?"

ಮಿಯ್ಯಾನ್ ತಲೆ ಆಡಿಸಿದ. ಹೊಡೆಯಲಿ ಅಂದುಕೊಂಡ. ಆ ಸೀಳಿದ ಕೈ ಮುಷ್ಟಿಯಾಗಲಿ, ಕತ್ತರಿಯಿಂದ ಗಟ್ಟಿಯಾದ ಕೈ, ಹಲ್ಲು ಮುರಿಯುವಷ್ಟು ಬಲ ಇನ್ನೂ ಇದೆ ಅದರಲ್ಲಿ. ಹೊಡೆದರೆ ಒಂದು ಕಡೆಗಾದರೂ ಮುಗಿಯುತ್ತದೆ. ಸೆಲೆದೋನಿಯೊ ಹೊಡೆಯಲಿಲ್ಲ, ಬೈಯಲಿಲ್ಲ. ಮಿಯ್ಯಾನನ ಕಡೆ ನೋಡುವುದನ್ನೇ ಬಿಟ್ಟ. ನೆಲವನ್ನೂ ನೋಡಲಿಲ್ಲ, ಆ ಬೇಸಿಗೆಯ ಹಾಗೆ.

"ಹಾಗಾದ್ರೆ ಇತ್ತು," ಎಂದ, ತನಗೆ ತಾನೇ. "ಹುಳಿ ಇತ್ತು."

ನಿಲ್ಲಿಸಿದ ಪೀಪಾಯಿಯ ಹತ್ತಿರ ಹೋದ. ಲೋಟವನ್ನು ಎತ್ತಿಕೊಂಡ. ಇಬ್ಬರಿಗೂ ಬೆನ್ನು ಮಾಡಿ, ಗೋಡೆಯ ಕಡೆ ತಿರುಗಿ, ಲೋಟವನ್ನು ಮೂಗಿನ ಹತ್ತಿರ ತಂದು ನಿಂತ. ಕೋಟಿಲ್ಲದ ಅವನ ಭುಜಗಳು ಅಂಗಿಯೊಳಗೆ ಏರಿದವು, ಇಳಿದವು, ಮತ್ತೆ ಏರಿದವು. ಆಮೇಲೆ ಕುಡಿದ. ಸಣ್ಣ ಗುಟುಕು. ಬಾಯಲ್ಲಿ ಇಟ್ಟುಕೊಂಡು ಎಷ್ಟು ಹೊತ್ತು ನಿಂತನೆಂದರೆ, ನುಂಗುವುದನ್ನು ಮರೆತನೋ ಅನ್ನಿಸುವಷ್ಟು.

"ಸಬ್ಬಸಿಗೆ," ಎಂದ.

ಯಾರನ್ನೂ ಕೇಳಲಿಲ್ಲ. ಮತ್ತೆ ಮೂಸಿ, "ಚರ್ಮ. ಹೊಸ ಚಪ್ಪಲಿಯದ್ದಲ್ಲ, ಕುದುರೆ ಜೀನಿಂದು, ಬೆವರು ಹಿಡಿದದ್ದು," ಎಂದ. ವಾಲ್ವಾ ಹೌದು ಅನ್ನಲು ಬಾಯಿ ತೆರೆದು, ಅನ್ನಲಿಲ್ಲ. ಅವನಿಗೆ ಬೇಕಾಗಿರಲಿಲ್ಲ. ಅವನು ಆ ಲೋಟದೊಳಗೆ ಎಲ್ಲೋ ಇಳಿದು ಹೋಗಿದ್ದ, ಮೂವತ್ತೆಂಟು ಮೆಟ್ಟಿಲಿಗಿಂತಲೂ ಕೆಳಗೆ, ಅಲ್ಲಿ ಬೇರೆ ಯಾರಿಗೂ ಜಾಗವಿರಲಿಲ್ಲ. ಇನ್ನೊಂದು ಗುಟುಕು ಕುಡಿದ. ಕುತ್ತಿಗೆಯ ಹಿಂದಿನ ನೆರಿಗೆಗಳು ಸಡಿಲವಾದದ್ದು ದೀಪದ ಬೆಳಕಲ್ಲಿ ಕಂಡಿತು.

"ಅಪ್ಪ, ಸುಣ್ಣ ಕೊಡು."

ಮಿಯ್ಯಾನ್ ಜೇಬಿಗೆ ಕೈ ಹಾಕಿದ. ಸೀಮೆಸುಣ್ಣದ ತುಂಡು ಸಿಕ್ಕಿತು, ಹೊರಗೆ ತೆಗೆದ. ಚಾಚಿದ ಅವಳ ಅಂಗೈಯನ್ನು ಮಾತ್ರ ನೋಡಿದ, ಅದರಿಂದ ಮೇಲಕ್ಕೆ, ಅವಳ ಮುಖದವರೆಗೆ ಕಣ್ಣು ಏರಿಸುವುದು ಅವನಿಂದಾಗಲಿಲ್ಲ. ಅವಳು ತೋಳಿನಿಂದ ನಾಲ್ಕೂ ಪೀಪಾಯಿಯ ಗೀಟನ್ನು ಒರೆಸಿ, ಸುಣ್ಣವನ್ನು ಸೆಲೆದೋನಿಯೊನ ಮಡಿಸಿಟ್ಟ ಕೋಟಿನ ಮೇಲೆ ಇಟ್ಟಳು. ಅವನು ಕುಡಿದು ಮುಗಿಸಲಿ ಅಂತ ಕೈ ಕಟ್ಟಿ ಕಾದು ನಿಂತಳು.

ಮೇಜಿನ ಮೇಲೆ ಮಿಯ್ಯಾನನ ಪಾಲಿನ ಮೂರನೆಯ ಲೋಟ ಇನ್ನೂ ತುಂಬಿತ್ತು. ಅವನು ಅದನ್ನು ಎತ್ತಿ ಮೂಗಿನ ಹತ್ತಿರ ತಂದ. ಬರೀ ಗಂಧಕ. ಲೋಟವನ್ನು ಸ್ವಲ್ಪ ದೂರ ಹಿಡಿದು, ತನ್ನ ಬೆರಳುಗಳನ್ನು ಮೂಸಿ ನೋಡಿಕೊಂಡ. ಅವುಗಳಿಂದ ಸುಣ್ಣದ ವಾಸನೆ ಬರುತ್ತಿತ್ತು. ಮತ್ತೆ ಲೋಟಕ್ಕೆ ಮೂಗು ಕೊಟ್ಟ, ಮತ್ತೆ ಅದೇ. ಇದರಲ್ಲಿ ಗಂಧಕ ಇದೆಯಾ ಅಂತ ಯಾರನ್ನಾದರೂ ಕೇಳಬೇಕು ಅನ್ನಿಸಿತು, ಇಬ್ಬರಿದ್ದರು, ಹತ್ತಿರದಲ್ಲೇ ಇದ್ದರು. ಕೇಳಲು ಧೈರ್ಯವಾಗಲಿಲ್ಲ.